ಗುಡ್‌ಮನ್ ಕೈಯಲ್ಲಿದ್ದ ಕ್ಲಾರಿನೆಟ್ ಯಾವ ಕಂಪನಿಯದು?

ಸ್ವಿಂಗ್ ಯುಗದ, ಅಂದರೆ 1930-40ರ ದಶಕಗಳ ದೊಡ್ಡ ನೃತ್ಯತಂಡಗಳ ಕಾಲದ, ಜಾಝ್ ಸಂಗೀತಕ್ಕೆ ಮನಸೋತವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ಬೆನ್ನಿ ಗುಡ್‌ಮನ್ ನುಡಿಸುತ್ತಿದ್ದ ಕ್ಲಾರಿನೆಟ್ ಯಾವ ಕಂಪನಿಯದು? ಆರ್ಟಿ ಶಾ ನುಡಿಸುತ್ತಿದ್ದದ್ದು ಯಾವುದು? ಇದಕ್ಕೊಂದು ಚಿಕ್ಕ ಉತ್ತರವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಖ್ಯಾತಿಯ ಉತ್ತುಂಗದ ವರ್ಷಗಳಲ್ಲಿ ಗುಡ್‌ಮನ್ ನುಡಿಸಿದ್ದು ಪ್ಯಾರಿಸ್ಸಿನ ಸೆಲ್ಮರ್. ಬದುಕಿನ ಕೊನೆಯ ದಶಕಗಳಲ್ಲಿ ಅವನ ಕೈಯಲ್ಲಿದ್ದದ್ದು ಬುಫೆ ಕ್ರಾಂಪೋನ್. ಶಾನ ಹೆಸರೂ ಅವನ ಉಚ್ಛ್ರಾಯದ ಕಾಲದಲ್ಲಿ ಸೆಲ್ಮರ್ ಜೊತೆಗೇ ಕೇಳಿಬರುತ್ತದೆ. ಡ್ಯೂಕ್ ಎಲಿಂಗ್ಟನ್ ತಂಡದ ಬಾರ್ನಿ ಬಿಗಾರ್ಡ್, ಹಾಗೆಯೇ ಅದೇ ಕಾಲದ ಇನ್ನೊಬ್ಬ ಕ್ಲಾರಿನೆಟ್ ವಾದಕ ಎಡ್ಮಂಡ್ ಹಾಲ್ ಇವರ ವಿಷಯಕ್ಕೆ ಬಂದಾಗ ಮಾತ್ರ ಕಂಪನಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಆ ಬೇರೆ ಪ್ರಶ್ನೆ ನನಗೆ ಬ್ರ್ಯಾಂಡಿಗಿಂತ ಹೆಚ್ಚು ರುಚಿಕರವೆನಿಸಿದ್ದರಿಂದ ಈ ಬರಹ.

ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಮರದ ಮೇಲೆ ಒತ್ತಿರುವ ಕಂಪನಿಯ ಚಿನ್ನದ ಬಣ್ಣದ ಮುದ್ರೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಾಣಿಸುವುದು ಕೀಲಿಗಳು ಮಾತ್ರ. ಬಲಗೈ ಪಕ್ಕದಲ್ಲಿ ಉದ್ದನೆಯ ನಾಲ್ಕು ಕೀಲಿಗಳು ಸಾಲಾಗಿದ್ದರೆ, ಬೆರಳಿಡುವ ರಂಧ್ರಗಳ ಸುತ್ತ ಉಂಗುರಗಳು ತುಂಬಿದ್ದರೆ ಅದು ಬೋಮ್ ಪದ್ಧತಿಯ ವಾದ್ಯ. ಪಕ್ಕದ ಕೀಲಿಗಳು ಎರಡೇ ಇದ್ದು, ಉಂಗುರಗಳು ಕಡಿಮೆಯಿದ್ದು, ಕಿರುಬೆರಳು ಜಾರಿ ಹೋಗಲೆಂದು ಕೀಲಿಗಳ ಅಂಚಿಗೆ ಪುಟ್ಟ ಉರುಳೆಗಳನ್ನು ಕೂರಿಸಿದ್ದರೆ ಅದು ಆಲ್ಬರ್ಟ್ ಪದ್ಧತಿಯದು. ಜಾಝ್ ಕ್ಲಾರಿನೆಟ್‌ನ ಇತಿಹಾಸವನ್ನು ಸೆಲ್ಮರ್, ಬುಫೆ ಎಂಬ ಹೆಸರುಗಳಿಗಿಂತ ಆಳವಾಗಿ ಸೀಳಿರುವುದು ಈ ಎರಡು ಪದ್ಧತಿಗಳ ನಡುವಿನ ಗೆರೆ.

ಇದಕ್ಕೆ ಕಾರಣ ವಾದ್ಯದ ಸ್ವಭಾವದಲ್ಲಿಯೇ ಇದೆ. ಕೊಳಲಿನಲ್ಲಿ ಬೆರಳುಗಳನ್ನು ಹಾಗೆಯೇ ಇಟ್ಟುಕೊಂಡು ಉಸಿರಿನ ಒತ್ತಡ ಹೆಚ್ಚಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಷಡ್ಜವಿದ್ದಲ್ಲಿ ತಾರಷಡ್ಜ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲದ್ದು, ಮತ್ತು ರೀಡ್ (ತುಟಿಗೆ ತಾಗಿ ಕಂಪಿಸುವ ತೆಳು ಪಟ್ಟಿ) ಇರುವ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಹೀಗಾಗಿ ಹಿಂಬದಿಯ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಷಡ್ಜದ ಬೆರಳಿಗೆ ತಾರಷಡ್ಜದ ಬದಲು ಅದಕ್ಕೂ ಮೇಲಿನ ಪಂಚಮ ನುಡಿಯುತ್ತದೆ. 19 ಅರ್ಧಸ್ವರಗಳ ಜಿಗಿತ. ಈ ಎರಡು ದಡಗಳ ನಡುವಿನ ಸ್ವರಗಳಷ್ಟಕ್ಕೂ ರಂಧ್ರ ಬೇಕು. ವಾದ್ಯದ ಭಾರ ಹೊತ್ತ ಬಲಹೆಬ್ಬೆರಳನ್ನು ಬಿಟ್ಟರೆ ನುಡಿಸುವವನಿಗೆ ಉಳಿಯುವುದು 9 ಬೆರಳು. ಕೊರತೆಯನ್ನು ಕೀಲಿಗಳೇ ತುಂಬಬೇಕು. ಯಾವ ಕೀಲಿ ಎಲ್ಲಿ, ಯಾವ ಬೆರಳಿಗೆ ಎನ್ನುವುದೇ ಪದ್ಧತಿ.

1812ರ ಹೊತ್ತಿಗೆ ಈವಾನ್ ಮ್ಯೂಲರ್ 13 ಕೀಲಿಗಳ ಕ್ಲಾರಿನೆಟ್ ಒಂದನ್ನು ರೂಪಿಸಿದ. ಅದರ ವಂಶದಲ್ಲಿ ಮುಂದೆ ಬ್ರಸೆಲ್ಸ್‌ನ ಯೂಜೀನ್ ಆಲ್ಬರ್ಟ್ ಎಂಬ ತಯಾರಕನ ಹೆಸರಿನ ಪದ್ಧತಿ ನೆಲೆನಿಂತಿತು. ಇನ್ನೊಂದು ಕಡೆ ಪ್ಯಾರಿಸ್ಸಿನಲ್ಲಿ ಇಯಾಸಿಂತ್ ಕ್ಲೋಸೆ ಎಂಬ ಕ್ಲಾರಿನೆಟ್ ಗುರು ಮತ್ತು ಲೂಯಿ-ಒಗಸ್ಟ್ ಬುಫೆ ಎಂಬ ಕುಶಲಕರ್ಮಿ ಸೇರಿ, ಥಿಯೋಬಾಲ್ಡ್ ಬೋಮ್ ತನ್ನ ಕೊಳಲಿಗೆ ಅಳವಡಿಸಿದ್ದ ಉಂಗುರಗಳ ಉಪಾಯವನ್ನು ಕ್ಲಾರಿನೆಟ್‌ಗೆ ತಂದರು. 1844ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 17 ಕೀಲಿ, 6 ಉಂಗುರಗಳ ಆ ವಿನ್ಯಾಸವೇ ಇಂದು ಜಗತ್ತಿನ ಹೆಚ್ಚಿನ ಕಡೆ ಬಳಕೆಯಲ್ಲಿರುವುದು. ಬೋಮ್ ವಾದ್ಯದಲ್ಲಿ ಕಿರುಬೆರಳಿನ ಸ್ವರಗಳನ್ನು ಎಡಗೈಯಿಂದಲೂ ನುಡಿಸಬಹುದು, ಬಲಗೈಯಿಂದಲೂ ನುಡಿಸಬಹುದು. ಕಷ್ಟದ ಶ್ರುತಿಗಳಲ್ಲಿ ವೇಗವಾಗಿ ಓಡುವವರಿಗೆ ಇದು ದೊಡ್ಡ ವರ. ಆಲ್ಬರ್ಟ್ ವಾದ್ಯದಲ್ಲಿ ಆ ಅನುಕೂಲವಿಲ್ಲ, ಬೆರಳುಗಳನ್ನು ಅಗಲವಾಗಿ ಚಾಚಬೇಕು, ಕಿರುಬೆರಳು ಕೀಲಿಯಿಂದ ಕೀಲಿಗೆ ಜಾರಬೇಕು. ಆದರೆ ಬೆರಳಿನ ಕೆಳಗೆ ಲೋಹ ಕಡಿಮೆ, ತೆರೆದ ರಂಧ್ರ ಹೆಚ್ಚು. ಸ್ವರದಿಂದ ಸ್ವರಕ್ಕೆ ಜಾರುವುದು, ಸ್ವರವನ್ನು ಬೆರಳಿನಲ್ಲೇ ಅಷ್ಟಿಷ್ಟು ಬಾಗಿಸುವುದು ಅದರಲ್ಲಿ ಸಹಜವಾಗಿ ಬರುತ್ತದೆಂದು ಅದನ್ನು ನುಡಿಸಿದವರು ಹೇಳುತ್ತ ಬಂದಿದ್ದಾರೆ. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರ ಕ್ಲಾರಿನೆಟ್ಟಿನಲ್ಲಿ ಹಿಂದುಸ್ತಾನಿ ರಾಗಗಳನ್ನು ಕೇಳಿದವರಿಗೆ, ಕೀಲಿಗಳಿಂದ ಕಟ್ಟಿದ ಈ ವಾದ್ಯದಲ್ಲಿ ಮೀಂಡ್ ತರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಜಾಝ್ ಹುಟ್ಟಿದ ಊರಾದ ನ್ಯೂ ಆರ್ಲಿಯನ್ಸ್‌ನ ಮೊದಲ ತಲೆಮಾರಿನ ವಾದಕರೆಲ್ಲ ಹೆಚ್ಚುಕಡಿಮೆ ಆಲ್ಬರ್ಟ್ ಪದ್ಧತಿಯವರು. ಜಾನಿ ಡಾಡ್ಸ್, ಜಿಮ್ಮಿ ನೂನ್, ಸಿಡ್ನಿ ಬೆಶೆ, ಓಮರ್ ಸಿಮಿಯನ್ ಎಲ್ಲರೂ ಆ ಮನೆಯ ಮಕ್ಕಳೇ. ಹಳೆಯ ಪದ್ಧತಿಯ ವಾದ್ಯ ಅಗ್ಗವಾಗಿ ಸಿಗುತ್ತಿತ್ತು ಎನ್ನುವುದು ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣ ಗುರುಪರಂಪರೆ ಎಂದು ನನಗೆ ತೋರುತ್ತದೆ. ಆ ಊರಿನಲ್ಲಿ ಟಿಯೋ ಎಂಬ ಕ್ರಿಯೋಲ್ (ಯುರೋಪ್-ಆಫ್ರಿಕ ಮಿಶ್ರ ಮೂಲದ) ಮನೆತನವಿತ್ತು. ನ್ಯೂ ಆರ್ಲಿಯನ್ಸಿನವರೇ, ನಡುವೆ ಕೆಲಕಾಲ ಮೆಕ್ಸಿಕೋಗೆ ಹೋಗಿ ನೆಲೆಸಿ ಮರಳಿದವರು. 1893ರಲ್ಲಿ ಹುಟ್ಟಿದ ಲೊರೆಂಝೊ ಟಿಯೋ ಜೂನಿಯರ್ ಹೇಳಿಕೊಟ್ಟ ಶಿಷ್ಯರ ಹೆಸರುಗಳನ್ನು ಬರೆದರೆ ಆರಂಭಿಕ ಜಾಝ್ ಕ್ಲಾರಿನೆಟ್ ಚರಿತ್ರೆಯ ಅರ್ಧ ಬರೆದಂತೆ. ಗುರು ಯಾವ ಪದ್ಧತಿಯಲ್ಲಿ ಬೆರಳಿಡಲು ಕಲಿಸಿದನೋ ಆ ಪದ್ಧತಿಯ ವಾದ್ಯವನ್ನೇ ಶಿಷ್ಯ ಕೊಂಡ. ಕಂಪನಿ ಯಾವುದೆನ್ನುವುದು ಆಮೇಲಿನ ಮಾತು, ಜೇಬಿಗೆ ಬಿಟ್ಟ ಮಾತು.

ಬಾರ್ನಿ ಬಿಗಾರ್ಡ್ ಈ ಟಿಯೋನ ಶಿಷ್ಯ. 1906ರಲ್ಲಿ ಹುಟ್ಟಿದವನು, 1927ರ ಕೊನೆಯ ಹೊತ್ತಿಗೆ ಎಲಿಂಗ್ಟನ್ ತಂಡ ಸೇರಿ 1942ರವರೆಗೆ ಅಲ್ಲಿಯೇ ಇದ್ದವನು. (ಅವನಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ರೂಡಿ ಜಾಕ್ಸನ್ ಮುಂದೆ 1930ರ ದಶಕದಲ್ಲಿ ಬೊಂಬಾಯಿ, ಕಲ್ಕತ್ತಗಳಿಗೆ ಬಂದು ಇಲ್ಲಿನ ಹೋಟೆಲುಗಳ ಜಾಝ್ ತಂಡಗಳಲ್ಲಿ ನುಡಿಸಿದ. ಎಲಿಂಗ್ಟನ್ ಸಂಗೀತದ ಒಂದು ತುಣುಕು ನಮ್ಮ ನೆಲಕ್ಕೂ ಬಿದ್ದಿತ್ತು ಎನ್ನುವುದು ನನಗೆ ಸಂತೋಷ ಕೊಡುವ ಸಂಗತಿ.) ಬಿಗಾರ್ಡ್ ನುಡಿಸಿದ್ದು ಆಲ್ಬರ್ಟ್ ಪದ್ಧತಿಯ ಕ್ಲಾರಿನೆಟ್. 1930ರ 'ಮೂಡ್ ಇಂಡಿಗೋ' ರಚನೆಯ ಆರಂಭವನ್ನು ಕೇಳಿ. ಸಾಮಾನ್ಯವಾಗಿ ಮೂರು ಗಾಳಿವಾದ್ಯಗಳು ಸೇರಿದರೆ ಕ್ಲಾರಿನೆಟ್ ಮೇಲೆ, ಟ್ರಂಪೆಟ್ ನಡುವೆ, ಟ್ರಾಂಬೋನ್ ಕೆಳಗೆ. ಎಲಿಂಗ್ಟನ್ ಅದನ್ನು ತಲೆಕೆಳಗು ಮಾಡಿದ. ಬಾಯಿ ಮುಚ್ಚಿದ ಟ್ರಂಪೆಟ್ ಮೇಲೆ, ಅದಕ್ಕೆ ಹತ್ತಿರವೇ ಟ್ರಾಂಬೋನ್, ಬಹಳ ಕೆಳಗೆ ಮಂದ್ರದಲ್ಲಿ ಕ್ಲಾರಿನೆಟ್. ಬಿಗಾರ್ಡ್‌ನ ಆ ಮಂದ್ರಸ್ವರ ದಪ್ಪ, ಸ್ವಲ್ಪ ಮರದ ವಾಸನೆ ಇರುವಂಥದ್ದು. ಅಂಥ ನಾದ ಕೈಯಲ್ಲಿ ಇಲ್ಲದಿದ್ದರೆ ಎಲಿಂಗ್ಟನ್ ಆ ಜೋಡಣೆಯನ್ನು ಯೋಚಿಸುತ್ತಿದ್ದನೇ ಎಂದು ನನಗೆ ಅನುಮಾನ. ಅವನು ವಾದ್ಯಗಳಿಗೆ ಬರೆಯುತ್ತಿರಲಿಲ್ಲ, ತನ್ನೆದುರು ಕುಳಿತ ವ್ಯಕ್ತಿಗಳಿಗೆ ಬರೆಯುತ್ತಿದ್ದ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. ಬಿಗಾರ್ಡ್ ಹೋದ ಮೇಲೆ 1943ರಲ್ಲಿ ಜಿಮ್ಮಿ ಹ್ಯಾಮಿಲ್ಟನ್ ಬಂದ. ಬೋಮ್ ಪದ್ಧತಿಯವನು, ಶಾಸ್ತ್ರೀಯ ವಾದಕನಂತೆ ಶುಭ್ರ, ತೆಳು, ಕಲೆಯಿಲ್ಲದ ನಾದ. 1946ರಲ್ಲಿ ರಸೆಲ್ ಪ್ರೋಕೋಪ್ ಸೇರಿದ; ಅವನ ಮುಖ್ಯ ವಾದ್ಯ ಆಲ್ಟೊ ಸ್ಯಾಕ್ಸೊಫೋನ್ ಆದರೂ ಅವನ ಕ್ಲಾರಿನೆಟ್ ಆಲ್ಬರ್ಟ್ ಪದ್ಧತಿಯದು. ಹೀಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಎಲಿಂಗ್ಟನ್‌ನ ಒಂದೇ ಸಾಲಿನಲ್ಲಿ ಎರಡು ಪದ್ಧತಿಗಳ ಕ್ಲಾರಿನೆಟ್ಟುಗಳು ಕುಳಿತಿದ್ದವು. ಹೊಳಪು ಬೇಕಾದಲ್ಲಿ ಹ್ಯಾಮಿಲ್ಟನ್, ನ್ಯೂ ಆರ್ಲಿಯನ್ಸಿನ ಒರಟು ಬೆಚ್ಚಗಿನ ನಾದ ಬೇಕಾದಲ್ಲಿ ಪ್ರೋಕೋಪ್. ಇದೇನು ಪದ್ಧತಿಯ ವ್ಯತ್ಯಾಸವೋ, ವ್ಯಕ್ತಿಯ ವ್ಯತ್ಯಾಸವೋ? ಬೇರ್ಪಡಿಸಲು ಹೊರಟವರು ಸೋಲುತ್ತಾರೆಂದೇ ನನ್ನ ಭಾವನೆ. ಒಂದು ಪದ್ಧತಿಯನ್ನು ಹಿಡಿದವನು ಅದರ ಹಿಂದಿನ ಊರನ್ನೂ ಗುರುವನ್ನೂ ಅವರು ಮೆಚ್ಚುತ್ತಿದ್ದ ನಾದವನ್ನೂ ಒಟ್ಟಿಗೇ ಹಿಡಿದಿರುತ್ತಾನೆ.

ಗುಡ್‌ಮನ್‌ನ ದಾರಿ ಬೇರೆ. 1909ರಲ್ಲಿ ಷಿಕಾಗೋದ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವನು ಕಲಿತದ್ದು ಫ್ರಾನ್ಜ್ ಷೆಪ್ ಎಂಬ ಜರ್ಮನ್ ಮೂಲದ ಶಾಸ್ತ್ರೀಯ ಗುರುವಿನಲ್ಲಿ. ಬಿಳಿಯ, ಕರಿಯ ಎಂಬ ಭೇದವೆಣಿಸದೆ ಪಾಠ ಹೇಳುತ್ತಿದ್ದ ಷೆಪ್ ಬಳಿ ಜಿಮ್ಮಿ ನೂನ್ ಮತ್ತು ಬಸ್ಟರ್ ಬೇಲಿ ಕೂಡ ಕಲಿತರು. ಅಂದರೆ ನ್ಯೂ ಆರ್ಲಿಯನ್ಸಿನ ಧಾರೆ ಮತ್ತು ಯುರೋಪಿನ ಸಂಗೀತಶಾಲೆಯ ಧಾರೆ ಷಿಕಾಗೋದ ಒಂದೇ ಪಾಠದ ಕೋಣೆಯಲ್ಲಿ ಕೂಡಿದ್ದವು. ಬೋಮ್ ಪದ್ಧತಿಯ ಮೇಲೆ ಬೆಳೆದ ಗುಡ್‌ಮನ್‌ಗೆ ಆ ಕಾಲದ ಅಮೆರಿಕದಲ್ಲಿ ಫ್ರೆಂಚ್ ವಾದ್ಯವೇ ಸಹಜ ಆಯ್ಕೆ.

ಆ ಫ್ರೆಂಚ್ ವಾದ್ಯ ಸೆಲ್ಮರ್ ಏಕಾಯಿತು ಎನ್ನುವುದಕ್ಕೆ ವ್ಯಾಪಾರದ ಕಥೆಯಿದೆ. ಆನ್ರಿ ಸೆಲ್ಮರ್ 1885ರಲ್ಲಿ ಪ್ಯಾರಿಸ್ಸಿನಲ್ಲಿ ರೀಡ್ ಮತ್ತು ಮೌತ್‌ಪೀಸ್ ಮಾಡಲು ತೊಡಗಿ ಆಮೇಲೆ ಕ್ಲಾರಿನೆಟ್‌ಗೆ ಕೈಹಾಕಿದವನು. ಅವನ ತಮ್ಮ ಅಲೆಕ್ಸಾಂಡರ್ ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಅಣ್ಣನ ವಾದ್ಯಗಳಿಗೆ ಅವನೇ ಜೀವಂತ ಜಾಹೀರಾತು. 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ ಸೆಲ್ಮರ್ ಕ್ಲಾರಿನೆಟ್‌ಗೆ ಚಿನ್ನದ ಪದಕ ಬಂತು. ಅಲೆಕ್ಸಾಂಡರ್ ಫ್ರಾನ್ಸಿಗೆ ಮರಳಿದ ಮೇಲೆ ಅಮೆರಿಕದ ವ್ಯಾಪಾರ ಅವನ ಶಿಷ್ಯ ಜಾರ್ಜ್ ಬಂಡಿಯ ಕೈಗೆ ಬಂತು. 1920ರ ದಶಕದ ಕೊನೆಗೆ ಅದು ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಅಮೆರಿಕದ ಬ್ಯಾಂಡ್ ವಾದ್ಯಗಳ ಕಾರ್ಖಾನೆಗಳೆಲ್ಲ ಒತ್ತಾಗಿ ನೆರೆದಿದ್ದ ಊರು ಅದು. ಕಾನ್ ಕಂಪನಿಯೂ ಅಲ್ಲಿಯದೇ. 1935ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ಪಾಲೊಮಾರ್ ಬಾಲ್‌ರೂಮಿನಲ್ಲಿ ಗುಡ್‌ಮನ್ ತಂಡಕ್ಕೆ ಜನ ಹುಚ್ಚೆದ್ದು ಕುಣಿದ ಮೇಲೆ, ಕ್ಲಾರಿನೆಟ್ ಎನ್ನುವುದು ಹದಿಹರೆಯದ ಹುಡುಗರು ಮನೆಯಲ್ಲಿ ಹಟ ಮಾಡಿ ಕೊಡಿಸಿಕೊಳ್ಳುವ ವಸ್ತುವಾಯಿತು. ಅಂಥ ಹೊತ್ತಿನಲ್ಲಿ ಗುಡ್‌ಮನ್ ಚಿತ್ರವಿರುವ ಒಂದು ಪುಟದ ಜಾಹೀರಾತಿನ ಬೆಲೆ ಎಷ್ಟೆಂದು ಸೆಲ್ಮರ್‌ನವರಿಗೆ ಚೆನ್ನಾಗಿ ಗೊತ್ತಿತ್ತು. 1950ರ ದಶಕದಲ್ಲಿ ಅವರು ಹೊರತಂದ 'ಸೆಂಟರ್ಡ್ ಟೋನ್' ಮಾದರಿಯೂ ಗುಡ್‌ಮನ್ ಹೆಸರಿನೊಂದಿಗೇ ಮಾರುಕಟ್ಟೆಗೆ ಬಂತು.

ಜಾಹೀರಾತಿನ ಮಾತನ್ನು ಪೂರ್ತಿ ತಳ್ಳಿಹಾಕಲೂ ಬಾರದು. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಗುಡ್‌ಮನ್ ನಿಂತದ್ದು 13 ಜನರ ತಂಡದ ಮುಂದೆ: ಮೂರು ಟ್ರಂಪೆಟ್, ಎರಡು ಟ್ರಾಂಬೋನ್, ನಾಲ್ಕು ಸ್ಯಾಕ್ಸೊಫೋನ್, ಹಿಂದೆ ಜೀನ್ ಕ್ರೂಪಾನ ಡ್ರಮ್ಸ್. ಇಷ್ಟು ಸದ್ದನ್ನು ದಾಟಿ ಒಂದು ಕಡ್ಡಿಯಂಥ ಮರದ ವಾದ್ಯ ಸಭಾಂಗಣದ ಕೊನೆಯ ಸಾಲನ್ನು ಮುಟ್ಟಬೇಕಾದರೆ ನಾದಕ್ಕೆ ಅಂಚು ಬೇಕು. ಆ ಕಾಲದ ಸೆಲ್ಮರ್‌ಗಳ ಒಳಕೊಳವೆ, ಅಂದರೆ ಬೋರ್, ಸುಮಾರು 15 ಮಿಲಿಮೀಟರಿನ ಹತ್ತಿರದ್ದು. ಇಂದು ಆರ್ಕೆಸ್ಟ್ರಾಗಳಲ್ಲಿ ಕಾಣುವ ಬುಫೆ ಮಾದರಿಗಳದ್ದು ಅದಕ್ಕಿಂತ ಕೂದಲೆಳೆಯಷ್ಟು ಕಿರಿದು. ಅಗಲ ಬೋರ್‌ನ ವಾದ್ಯ ಉಸಿರಿಗೆ ಸಲೀಸಾಗಿ ಬಿಟ್ಟುಕೊಡುತ್ತದೆ, ಸ್ವರ ಬಾಗಿಸಲು ಒಪ್ಪುತ್ತದೆ, ಎತ್ತರಿಸಿದರೆ ಬೆಳಗುತ್ತದೆ ಎನ್ನುವುದು ಜಾಝ್ ವಾದಕರ ಅನುಭವದ ಮಾತು. ಆರ್ಕೆಸ್ಟ್ರಾದವನಿಗೆ ಇದೇ ಗುಣ ದೋಷವಾಗಬಹುದು. ಅವನಿಗೆ ಅಕ್ಕಪಕ್ಕದವರೊಂದಿಗೆ ಬೆರೆಯಬೇಕು, ಶ್ರುತಿ ಕದಲಬಾರದು. ಆರ್ಟಿ ಶಾನಂಥವನಿಗೆ ಬೆರೆಯುವ ಹಂಗಿರಲಿಲ್ಲ. 1940ರಲ್ಲಿ ಅವನು ಧ್ವನಿಮುದ್ರಿಸಿದ ಕ್ಲಾರಿನೆಟ್ ಕಾನ್ಸರ್ಟೊ, ವಾದ್ಯದ ವ್ಯಾಪ್ತಿ ಮುಗಿಯಿತೆಂದು ಸಾಮಾನ್ಯರು ತಿಳಿದುಕೊಳ್ಳುವ ಜಾಗದಿಂದಲೂ ಮೇಲಕ್ಕೆ ಏರಿ ತಾರಾತಿತಾರದ ಒಂದು ಸ್ವರದಲ್ಲಿ ನಿಲ್ಲುತ್ತದೆ. ನನಗೆ ವೈಯಕ್ತಿಕವಾಗಿ ಗುಡ್‌ಮನ್‌ನ ಚುರುಕಿಗಿಂತ ಶಾನ ಆ ದುಂಡಗಿನ, ಹಾಡಿನಂಥ ಮೇಲ್‌ಸ್ಥಾಯಿ ಹೆಚ್ಚು ಇಷ್ಟ. ಇಬ್ಬರ ಹೆಸರೂ ಒಂದೇ ಕಂಪನಿಯೊಂದಿಗೆ ಸೇರಿಕೊಂಡಿದೆ ಎಂಬ ಸಂಗತಿಯ ಜೊತೆಗಿಟ್ಟು ಈ ವ್ಯತ್ಯಾಸವನ್ನು ಕೇಳಿದರೆ, ಬ್ರ್ಯಾಂಡ್ ಎಷ್ಟು ದೂರ ಬರುತ್ತದೆ ಎನ್ನುವುದು ತಿಳಿಯುತ್ತದೆ. ಶಾ 1954ರಲ್ಲಿ ಕ್ಲಾರಿನೆಟ್ ಕೆಳಗಿಟ್ಟವನು, 2004ರಲ್ಲಿ ಸಾಯುವವರೆಗೆ ಮತ್ತೆ ಸಾರ್ವಜನಿಕವಾಗಿ ನುಡಿಸಲಿಲ್ಲ. ತನ್ನ ಎರಡು ಕ್ಲಾರಿನೆಟ್ಟುಗಳನ್ನು ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟು ಹೋದ.

ಮರದ ವಿಷಯಕ್ಕೂ ಇದೇ ಬಗೆಯ ಭಕ್ತಿಯಿದೆ. ಒಳ್ಳೆಯ ಕ್ಲಾರಿನೆಟ್ಟುಗಳೆಲ್ಲ ಆಗುವುದು ಆಫ್ರಿಕದ ಕರಿಮರದಿಂದ. ಟಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಬೆಳೆಯುವ ಈ ಮರ ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಕುಲಕ್ಕೇ ಸೇರಿದ್ದು. ನೀರಿನಲ್ಲಿ ಮುಳುಗುವಷ್ಟು ತೂಕ, ಕಬ್ಬಿಣದಂಥ ಗಟ್ಟಿತನ. ಅದರ ನಾದವೇ ಬೇರೆ ಎಂದು ನಂಬದ ವಾದಕರು ವಿರಳ. ಆದರೆ 1964ರಲ್ಲಿ ಭೌತವಿಜ್ಞಾನಿ ಜಾನ್ ಬ್ಯಾಕಸ್ ಪ್ರಕಟಿಸಿದ ಪ್ರಯೋಗಗಳು, ಕೊಳವೆಯ ಗೋಡೆ ಕಂಪಿಸುವುದರಿಂದ ಕೇಳುಗನ ಕಿವಿಗೆ ಬರುವ ನಾದ ಗಣನೆಗೇ ಬಾರದಷ್ಟು ಅಲ್ಪ ಎಂದು ತೋರಿಸಿದವು. ನುಡಿಯುವುದು ಮರವಲ್ಲ, ಒಳಗಿನ ಗಾಳಿಯ ಕಂಬ; ಅದರ ಆಕಾರವನ್ನು ತೀರ್ಮಾನಿಸುವುದು ಬೋರ್, ರಂಧ್ರಗಳ ಅಂಚು, ಮೌತ್‌ಪೀಸಿನ ಒಳರಚನೆ. ಅದನ್ನು ಅಲುಗಿಸುವುದು ರೀಡ್, ತುಟಿ, ಗಂಟಲು.

ಇದಕ್ಕೆ ಸ್ವಿಂಗ್ ಯುಗ ಕೊಟ್ಟ ಅತ್ಯುತ್ತಮ ಸಾಕ್ಷಿ ಲೆಸ್ಟರ್ ಯಂಗ್. ಕೌಂಟ್ ಬೇಸಿ ತಂಡದ ಈ ಟೆನರ್ ಸ್ಯಾಕ್ಸೊಫೋನ್ ವಾದಕ 1938ರ ಸೆಪ್ಟೆಂಬರಿನಲ್ಲಿ ಕಾನ್ಸಾಸ್ ಸಿಟಿ ಸಿಕ್ಸ್ ಎಂಬ ಸಣ್ಣ ತಂಡದೊಂದಿಗೆ ಕಮೊಡೋರ್ ಕಂಪನಿಗೆ ಮುದ್ರಿಸಿದ ಕೆಲವೇ ಹಾಡುಗಳಲ್ಲಿ ಕ್ಲಾರಿನೆಟ್ ನುಡಿಸಿದ್ದಾನೆ. ಅವನ ಕೈಯಲ್ಲಿದ್ದದ್ದು ಲೋಹದ ಕ್ಲಾರಿನೆಟ್. ಆಗ ಅಮೆರಿಕದ ಶಾಲಾ ಬ್ಯಾಂಡುಗಳ ಮಕ್ಕಳಿಗೆ ಕೊಡಲೆಂದು ಕಾರ್ಖಾನೆಗಳು ರಾಶಿರಾಶಿಯಾಗಿ ಮಾಡುತ್ತಿದ್ದ, ಬಿದ್ದರೂ ಒಡೆಯದ, ವೃತ್ತಿಪರರು ಮೂಗು ಮುರಿಯುತ್ತಿದ್ದ ಜಾತಿಯದು. ಆ ಹಾಡುಗಳಲ್ಲಿ ಕೇಳಿಸುವುದು ಮಾತ್ರ ಮೆಲುದನಿಯ, ಒಳಗೆ ಟೊಳ್ಳಿರುವಂಥ, ಯಾರ ಹಾಗೂ ಇಲ್ಲದ ನಾದ. ಸೆಲ್ಮರ್‌ನ ಹೊಳಪು ಅದರಲ್ಲಿಲ್ಲ, ನ್ಯೂ ಆರ್ಲಿಯನ್ಸಿನ ದಪ್ಪವೂ ಇಲ್ಲ. ಅವನ ಟೆನರ್‌ನಲ್ಲಿ ಕೇಳುವ ಆ ನಿರಾಳವೇ ಇಲ್ಲಿ ತೆಳುವಾಗಿ ಹರಿದಿದೆ. ಇಡೀ ಯುಗದ ಕ್ಲಾರಿನೆಟ್ ಮುದ್ರಣಗಳಲ್ಲಿ ಕೆಲವನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಮೊದಲು ಎತ್ತಿಟ್ಟುಕೊಳ್ಳುವುದು ಇವನ್ನು.

ಗುಡ್‌ಮನ್ ಬುಫೆಗೆ ಬಂದದ್ದು ನಿಧಾನವಾಗಿ. ಸ್ವಿಂಗ್‌ನ ಅಲೆ ಏರಿದ್ದಾಗಲೇ ಅವನ ಒಂದು ಕಣ್ಣು ಶಾಸ್ತ್ರೀಯ ವೇದಿಕೆಯ ಮೇಲಿತ್ತು. 1938ರಲ್ಲಿ ಬುಡಾಪೆಸ್ಟ್ ಕ್ವಾರ್ಟೆಟ್ ಜೊತೆ ಮೊಟ್ಸಾರ್ಟ್‌ನ ಕ್ಲಾರಿನೆಟ್ ಕ್ವಿಂಟೆಟ್ ಮುದ್ರಿಸಿದ, ಬಾರ್ಟೋಕ್‌ನಿಂದ ಒಂದು ಕೃತಿ ಬರೆಸಿಕೊಂಡ, ಏರನ್ ಕೋಪ್ಲೆಂಡ್‌ನಿಂದ ಕಾನ್ಸರ್ಟೊ ಬರೆಸಿಕೊಂಡು 1950ರಲ್ಲಿ ಮೊದಲ ಬಾರಿ ನುಡಿಸಿದ. 1949ರಲ್ಲಿ, ನಲವತ್ತು ತುಂಬಿದ ಮೇಲೆ, ಲೋಕಪ್ರಸಿದ್ಧನಾದ ಈ ಮನುಷ್ಯ ಇಂಗ್ಲಿಷ್ ವಾದಕ ರೆಜಿನಾಲ್ಡ್ ಕೆಲ್ ಬಳಿ ಶಿಷ್ಯನಾಗಿ ಕುಳಿತು, ಮೇಲಿನ ಹಲ್ಲನ್ನು ಮೌತ್‌ಪೀಸಿಗೆ ಊರುವ ರೂಢಿ ಬಿಟ್ಟು ಎರಡೂ ತುಟಿಗಳನ್ನು ಮಡಿಸಿ ಹಿಡಿಯುವ ಕ್ರಮಕ್ಕೆ ತನ್ನನ್ನು ಬದಲಿಸಿಕೊಂಡ. ಕಂಪನಿ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ತುಟಿ ಬದಲಿಸುವುದೆಂದರೆ ವಾದಕನಿಗೆ ಮತ್ತೆ ಮೊದಲಿನಿಂದ ಅಕ್ಷರಾಭ್ಯಾಸ. ಇತ್ತ 1950ರ ದಶಕದಲ್ಲಿ ಬುಫೆಯ ರೋಬೆರ್ ಕಾರೆ ರೂಪಿಸಿದ ಆರ್-13 ಎಂಬ ಮಾದರಿ ಅಮೆರಿಕದ ಸಿಂಫನಿ ತಂಡಗಳನ್ನು ಒಂದೊಂದಾಗಿ ಗೆದ್ದುಕೊಂಡಿತು. ಆ ಹೊಳೆಯಲ್ಲಿ ಗುಡ್‌ಮನ್ ಕೂಡ ಸೇರಿಕೊಂಡ. ಅವನ ಕೊನೆಯ ವರ್ಷಗಳ ಬುಫೆ ಅವನ ಹಂಬಲ ಎತ್ತ ಸಾಗುತ್ತಿತ್ತು ಎಂಬುದಕ್ಕೆ ಗುರುತು ಎಂದೇ ನಾನು ಓದಿಕೊಳ್ಳುತ್ತೇನೆ.

ಇನ್ನು ಲೆಬ್ಲಾಂಕ್ ಎಂಬ ಮತ್ತೊಂದು ಫ್ರೆಂಚ್ ಕಂಪನಿ. ಈ ಹೆಸರು ಅಮೆರಿಕದ ಮನೆಮನೆಗೆ ಬಂದದ್ದೇ ಸ್ವಿಂಗ್ ತಂಡವೊಂದರ ಹಿಂಬಾಗಿಲಿನಿಂದ. ನಾರ್ಮಂಡಿಯ ಲಾ ಕೂತ್ಯೂರ್-ಬೂಸೆ ಎಂಬ ಹಳ್ಳಿ ತಲೆಮಾರುಗಳಿಂದ ಮರದ ಗಾಳಿವಾದ್ಯಗಳನ್ನು ಕಡೆಯುತ್ತ ಬಂದ ಊರು. ಲೆಬ್ಲಾಂಕ್ ಮನೆತನದ ಬೇರು ಅಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಗ್ಲೆನ್ ಮಿಲ್ಲರ್ ತನ್ನ ತಂಡವನ್ನು ಮುಚ್ಚಿ ಸೈನ್ಯ ಸೇರಿ ವಾಯುಪಡೆಯ ಬ್ಯಾಂಡ್ ಕಟ್ಟಿದಾಗ, ಅದರ ವಾದ್ಯಗಳನ್ನು ರಿಪೇರಿ ಮಾಡುವ ಕೆಲಸ ವೀಟೊ ಪಸ್ಕೂಚಿ ಎಂಬ ತರುಣನದ್ದು. ಯುದ್ಧ ಮುಗಿದ ಮೇಲೆ ಇಬ್ಬರೂ ಸೇರಿ ಸಂಗೀತವಾದ್ಯಗಳ ಅಂಗಡಿಗಳನ್ನು ತೆರೆಯಬೇಕೆಂಬ ಮಾತುಕತೆಯೂ ನಡೆದಿತ್ತು. 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಹೊರಟ ಮಿಲ್ಲರ್‌ನ ಸಣ್ಣ ವಿಮಾನ ಪ್ಯಾರಿಸ್ ತಲುಪಲೇ ಇಲ್ಲ. ಬ್ಯಾಂಡಿನೊಂದಿಗೆ ಪ್ಯಾರಿಸ್ಸಿನಲ್ಲಿದ್ದ ಪಸ್ಕೂಚಿ ಲೆಬ್ಲಾಂಕ್ ಕುಟುಂಬದ ಪರಿಚಯ ಮಾಡಿಕೊಂಡ; 1946ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಆ ಕಂಪನಿಯ ಅಮೆರಿಕನ್ ಶಾಖೆ ಶುರುವಾಯಿತು. ಫ್ರಾನ್ಸಿನಿಂದ ಸಮುದ್ರ ದಾಟಿ ಬರುವಾಗ ಹವೆಗೆ ನಲುಗುತ್ತಿದ್ದ ವಾದ್ಯಗಳನ್ನು ಅಂಗಡಿಗೆ ಕಳಿಸುವ ಮುನ್ನ ಸರಿಪಡಿಸುವುದು ಅಲ್ಲಿನ ಮೊದಲ ಕೆಲಸ. ರಿಪೇರಿ ಬಲ್ಲವನೇ ವ್ಯಾಪಾರಿಯಾದರೆ ಆಗುವ ಲಾಭವಿದು.

ಮುಂದೆ ಲೆಬ್ಲಾಂಕ್‌ನ ಮುಖವಾದವನು ನ್ಯೂ ಆರ್ಲಿಯನ್ಸಿನ ಪೀಟ್ ಫೌಂಟನ್. ಸ್ವಿಂಗ್ ಯುಗ ಮುಗಿದ ಮೇಲೆ, 1950ರ ದಶಕದ ಕೊನೆಯಲ್ಲಿ ಲಾರೆನ್ಸ್ ವೆಲ್ಕ್‌ನ ಟಿವಿ ಕಾರ್ಯಕ್ರಮದಿಂದ ದೇಶಕ್ಕೆಲ್ಲ ಪರಿಚಯವಾದವನು. ಅವನ ಹೆಸರಿನಲ್ಲಿ, ಚಿನ್ನದ ಲೇಪದ ಕೀಲಿಗಳೊಂದಿಗೆ ಲೆಬ್ಲಾಂಕ್ ಒಂದು ಮಾದರಿಯನ್ನೇ ಮಾರಿತು. ಆದರೆ ಅವನ ಆದರ್ಶ ಅದೇ ಊರಿನ ಅರ್ವಿಂಗ್ ಫಝೋಲಾ. ಬಾಬ್ ಕ್ರಾಸ್ಬಿ ತಂಡದಲ್ಲಿ ನುಡಿಸಿ ಹೆಸರಾಗಿ, ಊಟದಲ್ಲೂ ಕುಡಿತದಲ್ಲೂ ಮಿತಿಯಿಲ್ಲದೆ ಬದುಕಿ 1949ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ, ಬೆಣ್ಣೆಯಂಥ ನಾದದ ಭಾರಿ ಆಳು. ಫಝೋಲಾನ ಕ್ಲಾರಿನೆಟ್ ಆಮೇಲೆ ಫೌಂಟನ್ ಕೈಸೇರಿತು. ಅದನ್ನು ಅವನು ನುಡಿಸಿದ್ದೂ ಉಂಟು, ಅದರ ಬಗ್ಗೆ ನಗುತ್ತ ಹೇಳಿಕೊಂಡದ್ದೂ ಉಂಟು: ವಾದ್ಯ ಉಸಿರಿಗೆ ಚೆನ್ನಾಗಿ ಬಿಸಿಯಾದರೆ ಮರದೊಳಗಿಂದ ಫಝೋಲಾ ತಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತಂತೆ.